ಬಿಳಿ ಒಸಡಿನ ಮರಿಗಳು

ಬಾವ ತೀರಿಕೊಳ್ಳುವ ಮೂರು ದಿನ ಮುಂಚೆ ಅವರ ನಾಯಿ ಐದು ಮರಿ ಹಾಕಿತ್ತು. ಆ ಸುದ್ದಿಯನ್ನು ಅವರೇ ಫೋನ್ ಮಾಡಿ ಹೇಳಿದ್ದರು. "ಮೂರು ಕಂದು, ಎರಡು ಕರಿದು ಕಣಮ್ಮಿ. ಸೊಪ್ಪಿನ ಕೋಣೆ ಪಕ್ಕದಾಗೆ ಗೋಣಿಚೀಲ ಹಾಸಿ ಮಡಗಿವ್ನಿ" ಎಂದಿದ್ದರು. ನಾನು ಮಾಗಡಿಯಲ್ಲಿ ಆಫೀಸಿನ ಮೆಟ್ಟಿಲು ಹತ್ತುತ್ತಾ "ಹೌದಾ ಬಾವ" ಎಂದೆ, ಅಷ್ಟೆ. ಮೂರನೆಯ ದಿನ ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೆ ನೀರು ಬಿಡಲು ಹೋದವರು ಬದುವಿನ ಮೇಲೆ ಕೂತರಂತೆ. ಹಾಗೆ ಕೂತಿದ್ದವರನ್ನು ಪಕ್ಕದ ತೋಟದವರು ಎರಡು ಸಲ ಕೂಗಿದರಂತೆ. ಆಮೇಲೆ ಹತ್ತಿರ ಬಂದು ನೋಡಿದರಂತೆ.

ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ, ಚನ್ನಪಟ್ಟಣದಿಂದ ಅಕ್ಕನ ಊರು. ಮೂರು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ನನಗೆ ಬರಬೇಕಾಗಿದ್ದ ಅಳು ಎಲ್ಲೋ ದಾರಿಯಲ್ಲೇ ಉಳಿದುಬಿಟ್ಟಿತ್ತು. ಅಕ್ಕನೂ ಅಳುತ್ತಿರಲಿಲ್ಲ. ಗೋಡೆಗೊರಗಿ ಕೂತು ಬಂದವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು. ನನ್ನನ್ನು ನೋಡಿ "ಊಟ ಮಾಡ್ದಾ?" ಎಂದು ಕೇಳಿದಳು. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಾನು ಯಾವಾಗ ಬಂದರೂ ಅವಳು ಮೊದಲು ಕೇಳುವುದು ಅದನ್ನೇ.

ಹನ್ನೊಂದು ದಿನವೂ ಮನೆ ತುಂಬ ಜನ. ರೇಷ್ಮೆ ಹುಳಕ್ಕೆ ಸೊಪ್ಪು ಕೂಡಿಡುವ ಆ ಸೊಪ್ಪಿನ ಕೋಣೆಯಲ್ಲಿ ಪಾತ್ರೆ ಜೋಡಿಸಿದ್ದರು. ಪಾತ್ರೆ ತರಲು ಅತ್ತ ಹೋದಾಗಲೆಲ್ಲ ಗೋಣಿಚೀಲದ ಮೇಲಿದ್ದ ಮರಿಗಳು ನನ್ನ ಕಣ್ಣಿಗೆ ಬೀಳುತ್ತಿದ್ದವು. ಮೊದಲು ಕುಂಯ್‌ಗುಟ್ಟುತ್ತಿದ್ದವು. ಆಮೇಲೆ ಸದ್ದು ಕಮ್ಮಿಯಾಗಿತ್ತು. ಅದು ನನ್ನ ಗಮನಕ್ಕೆ ಬಂದಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಗಮನಕ್ಕೆ ಬಂದಿತ್ತು, ಆದರೂ ಪಾತ್ರೆ ತೆಗೆದುಕೊಂಡು ಹೊರಟುಹೋಗಿದ್ದೆ. ತಾಯಿ ನಾಯಿ ಶಾಮಿಯಾನದ ಕೆಳಗೆ ಎಂಜಲೆಲೆಗೆ ಮೂತಿ ಹಾಕಿಕೊಂಡು ಓಡಾಡುತ್ತಿತ್ತು. ಹೊಟ್ಟೆಗೆ ಸಿಗುತ್ತಿದೆಯಲ್ಲ ಎಂದುಕೊಂಡಿದ್ದೆ.

ತಿಥಿ ಮುಗಿದ ಮಾರನೆಯ ದಿನ ರೇಷ್ಮೆ ಹುಳ ಬಂತು. ಎರಡು ಜ್ವರ ದಾಟಿದ ಮರಿಹುಳವನ್ನು ಕೊಡುವ ಚಾಕಿ ಕೇಂದ್ರಕ್ಕೆ ಬಾವ ಮೊದಲೇ ಹೇಳಿಟ್ಟಿದ್ದರು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ಸುಮ್ಮನೆ ಮಲಗುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಕನಕಪುರಕ್ಕೆ ಕೊಟ್ಟಿರುವ ಅಕ್ಕನ ಮಗಳು ಹೊರಡುವ ಮುಂಚೆ, "ಈ ಸಲ ಬೇಡ ಕಣವ್ವ, ಬ್ಯಾರೆಯವ್ರಿಗೆ ಕೊಟ್ಬುಡು" ಎಂದಳು. ಅಕ್ಕ ಕೇಳಲಿಲ್ಲ. "ಸೊಪ್ಪು ಬೆಳ್ದು ನಿಂತೈತೆ. ಬಂದಿರೋ ಹುಳನ ವಾಪಸ್ ಕಳ್ಸಕ್ಕಾಯ್ತದಾ?" ಎಂದಳು. ಅವಳೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ನಾನು ಆಫೀಸಿಗೆ ಫೋನ್ ಮಾಡಿ ರಜೆ ಮುಂದುವರಿಸಿದೆ. ನಮ್ಮ ಮನೆಯವರಿಗೆ ಹೇಳಿದೆ. ಅವರು "ಇರು" ಎಂದರು.

ನಾಲ್ಕು ದಿನ ಸೊಪ್ಪು ಹೊತ್ತೆ. ಹುಳ ಮೂರನೆಯ ಜ್ವರಕ್ಕೆ ಕೂತ ದಿನ ಬೆಳಿಗ್ಗೆ ಕೆಲಸ ಕಮ್ಮಿ ಇತ್ತು. ಸೊಪ್ಪಿನ ಕೋಣೆ ಗುಡಿಸಲು ಹೋದವಳು ಗೋಣಿಚೀಲದ ಅಂಚಿನಲ್ಲಿ ಒಂದು ಕರಿ ಮರಿ ಕಾಲು ಚಾಚಿ ಮಲಗಿದ್ದನ್ನು ನೋಡಿದೆ. ಪೊರಕೆಯ ತುದಿಯಿಂದ ಮುಟ್ಟಿದೆ. ಸತ್ತಿತ್ತು.

ಉಳಿದ ನಾಲ್ಕನ್ನು ಆವತ್ತೇ ಮೊದಲ ಸಲ ಕೈಗೆ ಎತ್ತಿಕೊಂಡಿದ್ದು. ಮೂರು ವಾರದ ಹತ್ತಿರದ ಮರಿಗಳು. ಕೈಯಲ್ಲಿ ಭಾರವೇ ಇಲ್ಲ. ಮೈ ತಣ್ಣಗಿತ್ತು. ಹೊಟ್ಟೆ ಮಾತ್ರ ಉಬ್ಬಿತ್ತು. ಒಂದು ಮರಿ ಬಾಯಿ ತೆರೆದಾಗ ಒಸಡು ಕಂಡಿತು, ಸುಣ್ಣ ಬಳಿದ ಹಾಗೆ ಬೆಳ್ಳಗೆ. ನಾಲಿಗೆಯೂ ಹಾಗೇ. ಹೊಟ್ಟೆಯ ಕೂದಲು ಸರಿಸಿದೆ. ಚಿಗಟಗಳು ಮಂದೆಯಂತೆ ತೊಡೆಸಂದಿಗೆ ಓಡಿದವು. ಕಿವಿಯೊಳಗೆ ಉಣ್ಣೆ ಕಚ್ಚಿಕೊಂಡಿದ್ದವು. ಬಾವ ಹಾಸಿದ್ದ ಗೋಣಿಚೀಲ ಅದೇ ಇತ್ತು. ಅದನ್ನು ಕೊಡವಿದವರು ಯಾರೂ ಇರಲಿಲ್ಲ.

ಸತ್ತ ಮರಿಯನ್ನು ತೆಂಗಿನ ಬುಡದಲ್ಲಿ ಹೂತು ಅಂಗಡಿ ಬೀದಿಗೆ ಹೋದೆ. ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ಉಣ್ಣೆಗೆ ಏನಾದರೂ ಕೊಡಿ ಎಂದೆ. ಒಂದು ಪುಡಿಯ ಡಬ್ಬಿ ಕೊಟ್ಟರು. ಅದನ್ನು ಹಿಡಿದು ಅಂಗಳಕ್ಕೆ ಕಾಲಿಡುತ್ತಿದ್ದಂತೆ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು.

"ಏನಮ್ಮಿ ಅದು?"

"ಮರಿಗಳಿಗೆ ಉಣ್ಣೆ ಪುಡಿ ಅಕ್ಕ."

"ನಿಂತ್ಕೊ! ಅಲ್ಲೇ ನಿಂತ್ಕೊ! ಅದ್ನ ಒಳೀಕೆ ತರ್ಬ್ಯಾಡ!"

ಬಾವ ಹೋದ ಮೇಲೆ ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದಿದ್ದು ಅದೇ ಮೊದಲು. ನಾನು ಬೇಲಿಯ ಹತ್ತಿರವೇ ನಿಂತೆ.

"ಉಣ್ಣೆ ಸಾಯೋ ಪುಡಿಗೆ ಹುಳ ಸಾಯಾಕಿಲ್ವಾ? ಗಾಳೀಲಿ ಒಸಿ ಬಂದ್ರೆ ಸಾಕು, ಅಟ್ಟಣೆ ಅಟ್ಟಣೆನೇ ಮಲಿಕ್ಕೊಂಬುಡ್ತವೆ. ಇಷ್ಟ್ ವರ್ಸ ಈ ಮನೆಗೆ ಬಂದೋಗ್ತಿದ್ದೀಯ, ಇದ್ ಗೊತ್ತಿಲ್ವಾ ನಿಂಗೆ?"

"ಮರಿ ಸಾಯ್ತಾ ಇದಾವೆ ಅಕ್ಕ. ಒಂದು ಆಗ್ಲೇ ಸತ್ತೋಯ್ತು."

ಅಕ್ಕ ಹುಳದ ಮನೆಯ ಬಾಗಿಲನ್ನು ಎಳೆದು ಮುಚ್ಚಿದಳು. ಆಮೇಲೆ, "ಹುಳಕ್ಕೂ ಜೀವ ಅಲ್ವೇನಮ್ಮಿ" ಎಂದಳು.

ಇನ್ನು ಎರಡು ಮೂರು ವಾರಕ್ಕೆ ಆ ಹುಳಗಳೆಲ್ಲ ಗೂಡಿನೊಳಗೇ ಬೇಯುತ್ತವೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಡಬ್ಬಿಯನ್ನು ವಾಪಸ್ ಕೊಟ್ಟು ಬಂದೆ. ಅಕ್ಕ ಹಿತ್ತಲಲ್ಲೇ ನನಗೆ ಸ್ನಾನ ಮಾಡಿಸಿದಳು. ಉಟ್ಟಿದ್ದ ಬಟ್ಟೆಯನ್ನು ನೆನೆಸಲೂ ಬಿಡದೆ ದೂರ ಎತ್ತಿಟ್ಟಳು. ಇನ್ನು ಮೇಲೆ ನಾಯಿ ಮುಟ್ಟುವವಳು ಹುಳದ ಮನೆಗೆ ಬರುವ ಹಾಗಿಲ್ಲ, ಹುಳ ಮುಟ್ಟುವವಳು ನಾಯಿಯ ಹತ್ತಿರ ಹೋಗುವ ಹಾಗಿಲ್ಲ. ಆವತ್ತಿನಿಂದ ಅಂಗಳದ ಆ ಕಡೆ ಅವಳು, ಈ ಕಡೆ ನಾನು.

ಸೊಪ್ಪು ಕೊಯ್ದು ಕೊಡುವ ಕೆಲಸವನ್ನು ಪಕ್ಕದ ತೋಟದವರು ವಹಿಸಿಕೊಂಡರು. ಬಾವನ ವಾರಿಗೆಯವರು, ಕೋಳಿ ಫಾರಂ ಇಟ್ಟುಕೊಂಡಿದ್ದಾರೆ. ಬದುವಿನ ಮೇಲೆ ಬಾವನನ್ನು ಕೂಗಿದ್ದವರು ಅವರೇ. "ಮೊದ್ಲು ಮರಿಗಳ್ನ ಚನ್ನಪಟ್ಟಣದ ದನದ ಆಸ್ಪತ್ರೆಗೆ ತಗೊಂಡೋಗವ್ವ. ಅಲ್ಲಿ ಡಾಕ್ಟ್ರಮ್ಮ ಒಬ್ರವ್ರೆ, ನಾಯೀನೂ ನೋಡ್ತಾರೆ" ಎಂದರು. ನಾಲ್ಕು ಮರಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು, ಬಿದಿರು ಬುಟ್ಟಿಯಲ್ಲಿ ಹೊತ್ತು ಬಸ್ಸು ಹತ್ತಿದೆ. ತಾಯಿಯನ್ನು ಅವರು ಬೈಕಿನ ಹಿಂದೆ ಹುಡುಗನೊಬ್ಬನ ಮಡಿಲಲ್ಲಿ ಕೂರಿಸಿಕೊಂಡು ಕರೆತಂದರು.

ಡಾಕ್ಟ್ರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತು ಕಮ್ಮಿ. ಒಂದೊಂದೇ ಮರಿಯ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರು. "ನೋಡಿ, ಒತ್ತಿ ಬಿಟ್ಟ ಜಾಗಕ್ಕೆ ಮತ್ತೆ ಕೆಂಪು ಬರಬೇಕು. ಇಲ್ಲಿ ವಾಪಸ್ ಬರೋಕೆ ಕೆಂಪೇ ಇಲ್ಲ" ಎಂದರು. ಕಂದು ಮರಿಯೊಂದರ ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ತೆಗೆದು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದು ತೋರಿಸಿದರು. ತಳದಲ್ಲಿ ಉಗುರಿನ ಅಂಚಿನಷ್ಟು ಕೆಂಪು. ಮೇಲೆಲ್ಲ ನೀರು. ಅದನ್ನು ನೋಡುವಾಗಲೂ ನನಗೆ ಏನೂ ಅನಿಸಲಿಲ್ಲ. ಆಫೀಸಿನಲ್ಲಿ ಯಾರದೋ ಅರ್ಜಿ ನೋಡುವ ಹಾಗೆ ನೋಡಿದೆ.

"ಏನಾಗಿದೆ ಡಾಕ್ಟ್ರೆ?"

"ರಕ್ತಹೀನತೆ. ಯಾಕೆ ಅಂತ ಒಂದೇ ಕಾರಣ ಹೇಳೋಕಾಗಲ್ಲ. ಇಷ್ಟು ಚಿಗಟ ಇದ್ರೆ ಅದೊಂದೇ ಸಾಕು, ಮರಿ ಮೈಯಲ್ಲಿ ಇರೋ ರಕ್ತಾನೇ ಒಂದಿಷ್ಟು. ಕಕ್ಕ ಯಾವ ಬಣ್ಣ ಹೋಗ್ತಿದೆ?"

"ಕಪ್ಪಗೆ. ಡಾಂಬರಿನ ಥರ."

"ಅಂದ್ರೆ ಒಳಗೂ ಸೋರ್ತಿದೆ. ಕೊಕ್ಕೆಹುಳ ಇರಬೇಕು, ತಾಯಿ ಹಾಲಿನಲ್ಲೇ ಮರಿಗೆ ಬಂದುಬಿಡುತ್ತೆ." ಕಕ್ಕವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿ ಹೌದೆಂದು ತಲೆಯಾಡಿಸಿದರು. ಉಣ್ಣೆಯಿಂದ ಬರುವ ಜ್ವರವೂ ಒಂದಿದೆ, ಅದು ರಕ್ತದ ಕಣಗಳನ್ನೇ ಒಡೆದುಹಾಕುತ್ತದೆ, ಅದಕ್ಕೆ ತಾಯಿಯ ರಕ್ತವನ್ನೂ ನೋಡುತ್ತೇನೆ ಎಂದರು. ನೋಡಿದಾಗ ಅದರ ಸುಳಿವು ಸಿಗಲಿಲ್ಲ. ತಾಯಿಗೇ ಸರಿಯಾಗಿ ಆಹಾರವಿಲ್ಲದಿದ್ದರೆ ಹಾಲಿನಲ್ಲಿ ಕಸುವಿರುವುದಿಲ್ಲ ಎಂದೂ ಹೇಳಿದರು. ಆಗ ನನಗೆ ಎಂಜಲೆಲೆ ನೆನಪಾಯಿತು.

ಪುಡಿಯ ವಿಷಯ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಹಾಕಿಲ್ಲ ತಾನೆ? ಇಷ್ಟು ಚಿಕ್ಕ ಮರಿಗೆ ಅದು ವಿಷ. ಅರ್ಧ ದಿನದಲ್ಲಿ ನಾಲ್ಕೂ ಹೋಗಿರೋವು."

ಜಂತುಹುಳದ ಸಿರಪ್ಪನ್ನು ಪ್ರತಿ ಮರಿಯನ್ನೂ ತೂಗಿ ಹನಿ ಲೆಕ್ಕದಲ್ಲಿ ಅವರೇ ಕುಡಿಸಿದರು. ಎರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು, ತಾಯಿಗೂ ಕೊಡಬೇಕು. ಕಬ್ಬಿಣಾಂಶದ ಹನಿ ಬೇರೆ. ತಾಯಿಯ ಉಣ್ಣೆಗೆ ಹಾಲೂಡಿಸುವ ನಾಯಿಗೂ ತೊಂದರೆಯಿಲ್ಲದ ಮಾತ್ರೆ. ಮರಿಗಳ ಚಿಗಟಕ್ಕೆ ಮಾತ್ರ ಔಷಧಿ ಇಲ್ಲ. ಉಗುರು ಬೆಚ್ಚನೆಯ ನೀರು, ಮಕ್ಕಳ ಸೋಪು, ಹೇನು ಬಾಚುವ ಹಣಿಗೆ, ಎರಡು ಕೈ. ಒದ್ದೆ ಮಾಡಿದ ತಕ್ಷಣ ಒರೆಸಿ ಬೆಚ್ಚಗಿಡಬೇಕು, ಇಲ್ಲದಿದ್ದರೆ ಚಳಿಗೇ ಸಾಯುತ್ತವೆ ಎಂದರು.

ಮನೆಗೆ ಬಂದು ಗೋಣಿಚೀಲ ಸುಟ್ಟೆ. ನೆಲಕ್ಕೆ ಕುದಿಯುವ ನೀರು ಸುರಿದೆ. ಹಳೆಯ ಪಂಚೆಗಳನ್ನು ಹಾಸಿದೆ, ದಿನವೂ ಬದಲಾಯಿಸಿ ಕುದಿಸಿ ಒಣಗಿಸಿದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಜಗಲಿಯ ಮೇಲೆ ಕೂತು ಬಾಚುತ್ತಿದ್ದೆ. ಹಣಿಗೆಗೆ ಸಿಕ್ಕ ಚಿಗಟವನ್ನು ಸೋಪಿನ ನೀರಿನ ಬೋಗುಣಿಗೆ ಅದ್ದಬೇಕು. ನೀರು ಮೊದಲು ಬೂದಿ ಬಣ್ಣಕ್ಕೆ ತಿರುಗಿ ಆಮೇಲೆ ತಿಳಿ ಕೆಂಪಾಗುತ್ತಿತ್ತು. ಅದು ಮರಿಗಳದೇ ರಕ್ತ. ಯಾರೂ ಮಾತಾಡಿಸುತ್ತಿರಲಿಲ್ಲ. ಆ ಕೆಲಸ ನನಗೆ ಹಿತವಾಗಿತ್ತು ಎನ್ನಲಾರೆ, ಬೇಸರವೂ ಆಗುತ್ತಿರಲಿಲ್ಲ. ಕೈ ಮಾಡುತ್ತಿತ್ತು, ನಾನು ಪಕ್ಕದಲ್ಲಿ ಕೂತಿದ್ದೆ. ಹಾಗಿತ್ತು.

ಅಕ್ಕ ಅಂಗಳದ ನಡುವಿನ ಒಗೆಯುವ ಕಲ್ಲಿನ ಮೇಲೆ ನನ್ನ ತಟ್ಟೆ ಇಟ್ಟು ಹೋಗುತ್ತಿದ್ದಳು. ಅವಳು ದೂರ ಹೋದ ಮೇಲೆ ನಾನು ಹೋಗಿ ತೆಗೆದುಕೊಳ್ಳುತ್ತಿದ್ದೆ. ಪುಡಿ ಹಾಕಿದ್ದರೆ ಮರಿಗಳೂ ಸಾಯುತ್ತಿದ್ದವಂತೆ ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಅವಳು "ಹೂಂ" ಎಂದಳು.

ನಾಲ್ಕನೆಯ ದಿನ ಎಲ್ಲಕ್ಕಿಂತ ಚಿಕ್ಕ ಕಂದು ಹೆಣ್ಣುಮರಿ ಮೊಲೆಗೆ ಬಾಯಿ ಹಾಕಲಿಲ್ಲ. ಉಸಿರು ಜೋರಾಗಿ ಏಳುತ್ತಿತ್ತು, ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಫೋನ್ ಮಾಡಿದೆ. ಡಾಕ್ಟ್ರಮ್ಮ ಹೇಳಿದರು: "ಹನಿ ಔಷಧಿ ಕೆಲಸ ಮಾಡೋಕೆ ದಿನಗಳು ಬೇಕು. ಇದಕ್ಕೆ ಅಷ್ಟು ದಿನ ಇಲ್ಲ. ರಕ್ತ ಕೊಡಬೇಕು. ದೊಡ್ಡ ನಾಯಿ, ಆರೋಗ್ಯವಾಗಿರೋದು, ಚುಚ್ಚುಮದ್ದು ಎಲ್ಲ ಹಾಕಿಸಿರೋದು ಒಂದು ಸಿಗುತ್ತಾ?"

ಪಕ್ಕದ ತೋಟದವರು ಕೋಳಿ ಫಾರಂ ಕಾಯಲು ಸಾಕಿದ್ದ ನಾಯಿ ನನ್ನ ಸೊಂಟದೆತ್ತರ ಇತ್ತು. ಕೇಳಲು ಹೋದೆ. ಅವರು ನಕ್ಕರು. "ನಾಯಿ ರಕ್ತನ ನಾಯಿಗೆ ಹಾಕ್ತಾರಾ? ತಗೊಳ್ಳಿ ಬುಡವ್ವ, ಇವ್ನು ತಿಂದು ತಿಂದು ಕೊಬ್ಬವ್ನೆ." ನಾಯಿಯ ತಲೆ ಸವರುತ್ತಾ, "ಆವತ್ತು ನಾನು ಒಸಿ ಬಿರ್ರನೆ ಹೋಗಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. ಅವರು ನಾಯಿಯ ವಿಷಯ ಹೇಳುತ್ತಿಲ್ಲ ಎಂದು ತಿಳಿಯಿತು. "ಬಿಡಿ ಅಣ್ಣ" ಎಂದೆ.

ಅವರ ಗೂಡ್ಸ್ ಆಟೋದಲ್ಲೇ ಹೋದೆವು. ಡಾಕ್ಟ್ರಮ್ಮ ಎರಡೂ ನಾಯಿಗಳ ರಕ್ತದ ಹನಿಯನ್ನು ಗಾಜಿನ ಮೇಲೆ ಬೆರೆಸಿ ಗಂಟು ಕಟ್ಟುತ್ತದೆಯೋ ಎಂದು ನೋಡಿದರು. ಆಮೇಲೆ ದೊಡ್ಡ ನಾಯಿಯ ಕುತ್ತಿಗೆಯಿಂದ ಸಿರಿಂಜಿಗೆ ರಕ್ತ ತೆಗೆದರು. ಮಾಲೀಕರು ಅದರ ಕಿವಿ ಹಿಡಿದು, "ಸುಮ್ಕಿರ್ಲಾ, ಸುಮ್ಕಿರ್ಲಾ, ಮುಗೀತು" ಎನ್ನುತ್ತಾ ತಾವೇ ಬೇರೆ ಕಡೆಗೆ ಮುಖ ತಿರುಗಿಸಿದ್ದರು. ಮರಿಯ ನರ ಸಿಗುವುದಿಲ್ಲವೆಂದು ತೊಡೆಮೂಳೆಯೊಳಕ್ಕೇ ಸೂಜಿ ಹಾಕಿ ಹನಿಹನಿಯಾಗಿ ಬಿಟ್ಟರು. ನಾನು ಮರಿಯ ತಲೆ ಹಿಡಿದಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಕಾಲು ಜೋಮು ಹಿಡಿದಿತ್ತು. ಕೊನೆಗೆ ಅವರು ತುಟಿ ಎತ್ತಿ ತೋರಿಸಿದರು. ಒಸಡಿನಲ್ಲಿ ತೀರಾ ತಿಳಿಯಾದ ಗುಲಾಬಿ ಬಣ್ಣ ಬಂದಿತ್ತು. ಪಕ್ಕದ ತೋಟದವರು "ಬಂತು ನೋಡಿ, ಬಂತು" ಎಂದು ಗಟ್ಟಿಯಾಗಿ ಹೇಳಿದರು. ಅವರ ಕಣ್ಣು ತುಂಬಿತ್ತು. ನನ್ನದು ಒಣಗಿತ್ತು.

ಆ ಮರಿ ಬದುಕಿತು. ಅದಾಗಿ ಮೂರನೆಯ ದಿನ ಬೆಳಿಗ್ಗೆ, ಎಲ್ಲಕ್ಕಿಂತ ಚೆನ್ನಾಗಿದೆ ಎಂದು ನಾನು ನಂಬಿದ್ದ ಕರಿ ಮರಿ ತಾಯಿಯ ಬೆನ್ನ ಹಿಂದೆ ಸತ್ತು ಬಿದ್ದಿತ್ತು. ಹಿಂದಿನ ದಿನ ನನ್ನ ಸೆರಗು ಹಿಡಿದು ಎಳೆದಿತ್ತು. ಫೋನಿನಲ್ಲಿ ಡಾಕ್ಟ್ರಮ್ಮ, "ಕರುಳಿನ ಗಾಯದಲ್ಲಿ ಒಮ್ಮೆಲೆ ರಕ್ತ ಹೋಗಿರಬಹುದು. ಹೃದಯಾನೇ ಸೋತಿರಬಹುದು. ಕೊಯ್ದು ನೋಡದೆ ಗೊತ್ತಾಗಲ್ಲ. ನೋಡಬೇಕಾ?" ಎಂದು ಕೇಳಿದರು. ಬೇಡ ಎಂದೆ. ಬಾವನ ವಿಷಯದಲ್ಲೂ ಊರಿನ ಡಾಕ್ಟರು ಹೀಗೇ ಕೇಳಿದ್ದರು. ಆಗಲೂ ಬೇಡ ಎಂದಿದ್ದೆವು.

ಅಕ್ಕ ಆ ಕಡೆಯಿಂದಲೇ ನೋಡುತ್ತಿದ್ದಳು. ನಾನು ಗುದ್ದಲಿ ಹಿಡಿದು ತೆಂಗಿನ ಬುಡದ ಕಡೆಗೆ ಹೊರಟಾಗ, "ಒಸಿ ಆಳಕ್ಕೆ ತೋಡಮ್ಮಿ" ಎಂದಳು. ಅಷ್ಟೇ. ಹುಳ ಆಗ ನಾಲ್ಕನೆಯ ಜ್ವರದಿಂದ ಎದ್ದು ಹಸಿದಿತ್ತು. ಅವಳು ಒಳಗೆ ಹೋದಳು. ಸಾವಿರಾರು ಬಾಯಿ ಸೊಪ್ಪು ತಿನ್ನುವ ಸದ್ದು ಅಂಗಳದ ಈಚೆಗೂ ಕೇಳುತ್ತಿತ್ತು.

ಇನ್ನೊಂದು ವಾರಕ್ಕೆ ಹುಳ ತಿನ್ನುವುದು ಬಿಟ್ಟು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿ ಗೂಡು ಕಟ್ಟಿತು. ಹುಳದ ಮನೆಯ ಕಾವಲು ಮುಗಿದ ದಿನ ಮಧ್ಯಾಹ್ನ ಅಕ್ಕ ಕೈಕಾಲು ತೊಳೆದುಕೊಂಡು ನನ್ನ ಜಗಲಿಗೆ ಬಂದಳು. ಹಣಿಗೆ ತೆಗೆದುಕೊಂಡು ಕಂದು ಹೆಣ್ಣುಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಬಾಚಿದಳು. ಒಂದೂ ಚಿಗಟ ಬರಲಿಲ್ಲ.

"ಗೊತ್ತಾ ನಿಂಗೆ, ನಾನು ನೋಡಿದ್ದೆ ಕಣಮ್ಮಿ" ಎಂದಳು.

"ಏನನ್ನ?"

"ಮರಿ ಬಡವಾಗ್ತಿದ್ದದ್ದ. ತಿಥಿ ದಿನಾನೇ ನೋಡಿದ್ದೆ. ಅವ್ರು ನೋಡ್ಕತಾರೆ ಬುಡು ಅಂತ ಅನ್ಕಂಡೆ." ಹಣಿಗೆಯನ್ನು ಸೆರಗಿಗೆ ಒರೆಸಿ, "ಅವ್ರು ಅಂತ. ಅವ್ರ್ ತಿಥಿ ದಿನಾನೇ" ಎಂದಳು.

ನಾನೂ ನೋಡಿದ್ದೆ ಎಂದು ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬಾಚುತ್ತಲೇ ಇದ್ದಳು. ಆಮೇಲೆ ಗೋಡೆಗೊರಗಿ ಹಾಗೇ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದಿತ್ತು. ಅವಳು ಹಗಲಲ್ಲಿ ಮಲಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮರಿಯೂ ಅವಳ ಮಡಿಲಲ್ಲೇ ಮಲಗಿತು. ಇಬ್ಬರನ್ನೂ ಎಬ್ಬಿಸದೆ ನಾನು ಒಲೆ ಹಚ್ಚಲು ಎದ್ದೆ.

ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ನಾನು ಮಾಗಡಿಗೆ ವಾಪಸ್ಸಾದೆ. ಪಕ್ಕದ ತೋಟದವರು ಒಂದು ಗಂಡುಮರಿಯನ್ನು ಫಾರಂಗೆ ಒಯ್ದರು. ರಕ್ತ ಕೊಟ್ಟ ನಾಯಿ ಅದನ್ನು ಹತ್ತಿರಕ್ಕೂ ಸೇರಿಸುವುದಿಲ್ಲವಂತೆ. ಇನ್ನೊಂದು ಕನಕಪುರಕ್ಕೆ ಹೋಯಿತು. ಹೆಣ್ಣುಮರಿ ಅಕ್ಕನ ಹತ್ತಿರ ಉಳಿಯಿತು. ಅದಕ್ಕೆ ಚುಚ್ಚುಮದ್ದು ಹಾಕಿಸುವ ದಿನ ರಜೆ ಹಾಕಿ ನಾನೂ ಚನ್ನಪಟ್ಟಣಕ್ಕೆ ಹೋದೆ. ಡಾಕ್ಟ್ರಮ್ಮ ತುಟಿ ಎತ್ತಿ ಒಸಡು ಒತ್ತಿ ಬಿಟ್ಟರು. ಬೆಳ್ಳಗಾದ ಜಾಗಕ್ಕೆ ಕೆಂಪು ತಕ್ಷಣ ಓಡಿ ಬಂತು. "ಸರಿ ಹೋಯ್ತು" ಎಂದು ಕಾರ್ಡು ಬರೆದುಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಅಕ್ಕನ ಮಡಿಲನ್ನು ನೋಡಿದರು.

"ಅಮ್ಮ, ನಿಮಗೆ ಫ್ರೀ. ನಾಯಿಗೆ ಲಗೇಜ್ ಟಿಕೆಟ್ ತಗೊಬೇಕು."

"ಯಾಕಪ್ಪ? ಹೆಂಗಸ್ರಿಗೆ ಫ್ರೀ ಅಲ್ವಾ? ಇದೂ ಹೆಣ್ಣೇ ಕಣಪ್ಪ, ಬೇಕಾದ್ರೆ ನೋಡು" ಎಂದು ಅಕ್ಕ ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಆಧಾರ್ ಕಾರ್ಡ್ ಐತಾ ಅದ್ಕೆ?"

"ಕಾರ್ಡ್ ಐತೆ, ಈಗ್ತಾನೆ ಆಸ್ಪತ್ರೇಲಿ ಬರಸ್ಕೊಂಡ್ ಬಂದ್ವಿ" ಎಂದು ಅಕ್ಕ ಚುಚ್ಚುಮದ್ದಿನ ಕಾರ್ಡನ್ನೇ ಚಾಚಿದಳು. ಹಿಂದಿನ ಸೀಟಿನವರೆಲ್ಲ ನಕ್ಕರು. ಕಂಡಕ್ಟರೂ ನಗುತ್ತಾ ಮುಂದಕ್ಕೆ ಹೋದರು. ಅಕ್ಕ ಮಾತ್ರ ನಗದೆ, ಗೆದ್ದವಳ ಗತ್ತಿನಲ್ಲಿ ಕಾರ್ಡನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ನಾನು ಕಿಟಕಿಯ ಕಡೆಗೆ ತಿರುಗಿದೆ. ನನಗೆ ಇನ್ನೂ ನಗು ಬಂದಿರಲಿಲ್ಲ. ಅವಳು ಮೊಣಕೈಯಿಂದ ತಿವಿದು, "ಒಸಿ ಹಿಡ್ಕೊ ಇದ್ನ, ಸೆರಗು ಸರಿ ಮಾಡ್ಕತೀನಿ" ಎಂದು ಮರಿಯನ್ನು ನನ್ನ ಮಡಿಲಿಗೆ ಹಾಕಿದಳು. ಈಗ ಅದಕ್ಕೆ ಭಾರ ಬಂದಿತ್ತು.